ಎಕ್ಸ್‌ರೇ ಅಕ್ಕನ ಕ್ಯಾನ್ವಾಸ್ ಶೂ

ಅವರ ಬಲಗಾಲಿನ ಮೇಲೆ ಬಂಟ್ವಾಳ, ಮೂಡುಬಿದಿರೆ ಕಡೆಯ ಜನರಿಗೆ ಇದ್ದಷ್ಟು ನಂಬಿಕೆ ನನ್ನ ಎಂ.ಬಿ.ಬಿ.ಎಸ್. ಮೇಲೆ ಯಾವತ್ತೂ ಇರಲಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಶುರುವಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇದ್ದದ್ದೂ ನಿಜ. ಅವರು ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರು ಬೆನ್ನಿನ ಮೇಲೆ ಮೂರು ಸಲ ಕಾಲೊತ್ತಿದರೆ ಎಂಥ ಉಳುಕೂ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸೊಂಟ ಹಿಡಿದವರು, ಬೆನ್ನು ಹಿಡಿದವರು ಡಾಕ್ಟರ ಬಾಗಿಲಿಗೆ ಬರುವ ಮೊದಲು ಅವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಆದರೆ ನಾನು ಕಂಡಷ್ಟು ವರ್ಷಗಳಲ್ಲಿ ಅವರು ಯಾರ ಬೆನ್ನಿಗೂ ಕಾಲು ತಾಗಿಸಲಿಲ್ಲ, ಒಂದು ಸಲದ ಹೊರತು.

ಹೋದ ತಿಂಗಳು ಅವರು ತೀರಿಕೊಂಡರು. ವಯಸ್ಸು ಐವತ್ತೈದು ದಾಟಿರಲಿಲ್ಲ. ಹೃದಯದ ತೊಂದರೆ, ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ. ಸುದ್ದಿ ತಿಳಿದು ಮೂಡುಬಿದಿರೆಗೆ ಹೋಗಿ ಬಂದೆ. ಹಿಂದಿರುಗುವಾಗ ಬಸ್ಸಿನಲ್ಲಿ ಕೊನೆಯ ಸೀಟು ಮಾತ್ರ ಖಾಲಿ ಇತ್ತು. ನಾನು ಕಂಬಿ ಹಿಡಿದು ನಿಂತುಕೊಂಡೇ ಬಂದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹೇಳಿದರೆ ಬಿ.ಸಿ.ರೋಡಿನಲ್ಲಿ ಗುರುತು ಹಿಡಿಯುವವರೂ ಕಡಿಮೆ. ಎಕ್ಸ್‌ರೇ ಅಕ್ಕ ಎಂದರೆ ಆಟೋದವರಿಂದ ಹಿಡಿದು ಎಳನೀರಿನ ಬೊಂಡ ಕೆತ್ತಿಕೊಡುವವರ ತನಕ ಎಲ್ಲರಿಗೂ ಗೊತ್ತು. ಬಸ್‌ಸ್ಟ್ಯಾಂಡಿನಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಹನ್ನೆರಡು ಹಾಸಿಗೆಯ ಒಂದು ನರ್ಸಿಂಗ್ ಹೋಂ ಇತ್ತು. ಈಗ ಅಲ್ಲಿ ಮೊಬೈಲ್ ಅಂಗಡಿಗಳು ಬಂದಿವೆ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿದೆ. ಅವರು ಅದಾಗಲೇ ನಾಲ್ಕೈದು ವರ್ಷದಿಂದ ಅಲ್ಲಿನ ಎಕ್ಸ್‌ರೇ ಟೆಕ್ನೀಶಿಯನ್.

ಮೊದಲ ದಿನ ಕಣ್ಣಿಗೆ ಬಿದ್ದದ್ದು ಅವರ ಶೂ. ಮಾಸಿದ ಬಣ್ಣದ ಕಾಟನ್ ಸೀರೆ, ಅದರ ಕೆಳಗೆ ಬಿಳಿ ಕಾಲುಚೀಲ, ಬಿಳಿ ಕ್ಯಾನ್ವಾಸ್ ಶೂ. ಶಾಲೆಯ ಮಕ್ಕಳು ಡ್ರಿಲ್ಲಿಗೆ ಹಾಕುವಂಥದ್ದು. ಮೇ ತಿಂಗಳ ಸೆಕೆಯಲ್ಲಿ ನಮಗೆ ಚಪ್ಪಲಿಯೇ ಹೆಚ್ಚಾಗುತ್ತದೆ, ಇವರಿಗೆ ಕಾಲುಚೀಲ.

"ಇದೆಂಥದ್ದು ಅಕ್ಕ, ಈ ಸೆಕೆಗೆ ಶೂ?" ಎಂದೆ.

"ಡಾರ್ಕ್‌ರೂಮಿನಲ್ಲಿ ಕೆಮಿಕಲ್ ಚೆಲ್ತದೆ ಡಾಕ್ಟ್ರೇ."

"ಬಸ್ಸಿನಲ್ಲಿಯೂ ಹಾಕಿಕೊಂಡೇ ಬರ್ತೀರಲ್ಲ?"

"ಬಸ್ಸಿನಲ್ಲಿ ಜನ ಕಾಲು ಮೆಟ್ತಾರೆ."

ಉತ್ತರ ತಯಾರಾಗಿ ಇಟ್ಟುಕೊಂಡವರ ಹತ್ತಿರ ಮತ್ತೆ ಮತ್ತೆ ಕೇಳುವುದರಲ್ಲಿ ಅರ್ಥವಿಲ್ಲ.

ಮೂಡುಬಿದಿರೆಯ ಜೈನರ ಮನೆಯವರು. ಮದುವೆಯಾಗಿರಲಿಲ್ಲ, ತಾಯಿಯ ಜೊತೆಯಲ್ಲಿದ್ದರು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕಾದ್ದರಿಂದ ಸಂಜೆ ಐದೂವರೆಗೆ ಎಕ್ಸ್‌ರೇ ರೂಮಿನ ಹೊರಗಿನ ಬೆಂಚಿನಲ್ಲಿ ಕೂತು ಟಿಫಿನ್ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಯಾರಾದರೂ ಕೈಯೋ ಕಾಲೋ ಮುರಿದುಕೊಂಡು ಬಂದರೆ ಟಿಫಿನ್ ಮುಚ್ಚಿಡುವರು. ಕೆಲಸ ಮುಗಿಯುವಾಗ ಕತ್ತಲಾದರೆ ಆ ದಿನ ಊಟವಿಲ್ಲ. ಅದನ್ನು ಅವರು ಯಾರ ಹತ್ತಿರವೂ ಹೇಳಿಕೊಂಡವರಲ್ಲ. ಹೇಳಿದವಳು ನಮ್ಮ ಆಯಾ.

ಬಸ್ಸಿನಲ್ಲಿ ಅವರದ್ದೊಂದು ರಗಳೆ ಇತ್ತು. ಹಿಂದಿನ ಚಕ್ರದಿಂದ ಹಿಂದಕ್ಕೆ ಯಾವ ಸೀಟಿನಲ್ಲಿಯೂ ವಯಸ್ಸಾದ ಹೆಂಗಸರು ಕೂರುವ ಹಾಗಿಲ್ಲ. ಕೂತದ್ದು ಕಂಡರೆ ಇವರು ಹೋಗಿ ಎಬ್ಬಿಸುವರು. ಮುಂದೆ ಕೂತ ಯಾವನಾದರೂ ಕಾಲೇಜು ಹುಡುಗನನ್ನು ಎಬ್ಬಿಸಿ ಆ ಜಾಗ ಕೊಡಿಸುವರು. ಮೂಡುಬಿದಿರೆ ಲೈನಿನ ಕಂಡಕ್ಟರುಗಳಿಗೆಲ್ಲ ಇದು ಅಭ್ಯಾಸವಾಗಿತ್ತು. "ಎಕ್ಸ್‌ರೇ ಅಕ್ಕ ಹತ್ತಿದ್ರು, ಅಜ್ಜಿಯಂದಿರೆಲ್ಲ ಮುಂದೆ ಬನ್ನಿ ಮಾರಾಯ್ರೆ" ಎಂದು ತಾವೇ ಕೂಗುತ್ತಿದ್ದರು. ತಮಾಷೆಗೆ ಕೂಗಿದ್ದಾದರೂ ಅಜ್ಜಿಯಂದಿರು ಮುಂದೆ ಬರುತ್ತಿದ್ದರು, ಅಕ್ಕನಿಗೆ ಅಷ್ಟು ಸಾಕಿತ್ತು.

ಈ ರಗಳೆಯ ಹಿಂದೆ ಏನಿದೆ ಎಂದು ನನಗೆ ತಿಳಿದದ್ದು ಖತೀಜುಮ್ಮನಿಂದ. ಬಂಟ್ವಾಳ ಪೇಟೆಯ ಹತ್ತಿರದ ಬ್ಯಾರಿ ಹೆಂಗಸು, ಅರುವತ್ತು ದಾಟಿದವರು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟಿದವರು. ಬೆಳ್ತಂಗಡಿಯ ಮಗಳ ಮನೆಗೆ ಹೋಗಿ ಹಿಂದಿರುಗುವಾಗ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿದ್ದರಂತೆ. ಗುರುವಾಯನಕೆರೆ ದಾಟಿದ ಮೇಲೆ ಒಂದು ಹಂಪು ಸಿಕ್ಕಿತು, ಡ್ರೈವರ್ ನಿಧಾನ ಮಾಡಲಿಲ್ಲ.

"ಒಂದು ಗೇಣು ಮೇಲೆ ಹೋಗಿ ಕೆಳಗೆ ಬಿದ್ದೆ ಡಾಕ್ಟ್ರೇ. ಅಲ್ಲಿಂದ ಹಿಡಿದ ಬೆನ್ನು ಇವತ್ತಿನವರೆಗೆ ಬಿಡ್ಲಿಲ್ಲ. ಕೆಮ್ಮಿದರೆ ಜೀವ ಹೋಗ್ತದೆ."

ನಾನು ಬೆನ್ನು ಒತ್ತಿ ನೋಡಿದೆ. ಬಡವರು, ಎರಡು ಫಿಲ್ಮಿನ ಖರ್ಚು ಯಾಕೆ ಎಂದು ಎದುರಿನಿಂದ ಒಂದೇ ಎಕ್ಸ್‌ರೇ ಬರೆದೆ. ಬಂದ ಫಿಲ್ಮನ್ನು ಬೆಳಕಿಗೆ ಹಿಡಿದು, "ಮೂಳೆಗೆ ಏನೂ ಆಗಿಲ್ಲ ಉಮ್ಮ, ಇದು ಉಳುಕು" ಎಂದು ಧೈರ್ಯ ಹೇಳಿ, ಒಂದು ಇಂಜೆಕ್ಷನ್ ಕೊಡಿಸಿ ಕಳಿಸಿದೆ.

ಕಲಿತ ಕಾಲೇಜಿನಲ್ಲಿ ಉಳುಕು ಎಂದರೆ ನಾಲ್ಕು ಮಾತ್ರೆ, ಎರಡು ದಿನ ವಿಶ್ರಾಂತಿ. ಈ ಊರಿನಲ್ಲಿ ಉಳುಕು ಎಂದರೆ ಕಾಲು. ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಡಾಕ್ಟರೇ ಉಳುಕು ಎಂದ ಮೇಲೆ ಇನ್ನೇನು, ಖತೀಜುಮ್ಮ ನೆಟ್ಟಗೆ ಎಕ್ಸ್‌ರೇ ರೂಮಿಗೆ ಹೋಗಿ ಅಲ್ಲಿನ ಬೆಂಚಿನ ಮೇಲೆ ಬೋರಲು ಮಲಗಿಬಿಟ್ಟರು. "ಅಕ್ಕೆರೆ, ಡಾಕ್ಟ್ರು ಉಳುಕು ಅಂತ ಹೇಳಿದ್ದಾರೆ. ಇನ್ನು ನಿಮ್ಮ ಕಾಲು. ಒಮ್ಮೆ ಮೆಟ್ಟಿ ಬಿಡಿ."

ಮುಕ್ಕಾಲು ಗಂಟೆ ಬಿಟ್ಟು ಅಕ್ಕ ಬಾಗಿಲು ತಟ್ಟದೆ ನನ್ನ ರೂಮಿಗೆ ಬಂದರು. ಕೈಯಲ್ಲಿ ಹ್ಯಾಂಗರಿಗೆ ಸಿಕ್ಕಿಸಿದ ಹಸಿ ಫಿಲ್ಮ್. ಅದರಿಂದ ನೀರು ತೊಟ್ಟಿಕ್ಕಿ ನನ್ನ ಮೇಜಿನ ಕಾಗದಗಳೆಲ್ಲ ಒದ್ದೆಯಾದವು. ನಾನು ಬರೆಯದೆ ಇದ್ದ ಫಿಲ್ಮ್ ಅದು, ಪಕ್ಕದಿಂದ ತೆಗೆದದ್ದು.

"ಇದು ಉಳುಕಾ ಡಾಕ್ಟ್ರೇ?"

ನೋಡಿದೆ. ಬೆನ್ನುಹುರಿಯನ್ನು ಕಾಯುವ ಮೂಳೆಗಳು ಒಂದರ ಮೇಲೊಂದು ಇಟ್ಟ ಹಾಗೆ ಇರುತ್ತವಲ್ಲ, ಅದರಲ್ಲಿ ಸೊಂಟಕ್ಕಿಂತ ಸ್ವಲ್ಪ ಮೇಲಿನ ಒಂದು ಮೂಳೆ ಮುಂದಿನ ಕಡೆ ಜಜ್ಜಿಹೋಗಿತ್ತು. ತೇವ ತಾಗಿದ ಬೆಲ್ಲದ ಅಚ್ಚು ಒಂದು ಬದಿಗೆ ಕುಸಿಯುವ ಹಾಗೆ. ಹಿಂಬದಿ ಎತ್ತರ ಸರಿ ಇದೆ, ಮುಂಬದಿ ಅರ್ಧಕ್ಕೆ ಇಳಿದಿದೆ. ಎದುರಿನಿಂದ ತೆಗೆದ ಫಿಲ್ಮಿನಲ್ಲಿ ಇದು ಕಣ್ಣಿಗೆ ಬಿದ್ದಿರಲಿಲ್ಲ.

"ಗೋಡೆ ವಾಲಿದ್ದು ಎದುರು ನಿಂತರೆ ಗೊತ್ತಾಗ್ತದಾ? ಬದಿಗೆ ಹೋಗಿ ನೋಡ್ಬೇಕು. ಸೈಡ್ ಫೋಟೋ ಇಲ್ಲದೆ ಬೆನ್ನಿನ ವಿಷಯ ಮಾತಾಡ್ಬಾರದು ಡಾಕ್ಟ್ರೇ. ನಾನು ಮೆಟ್ಟಿದ್ದರೆ ಎಂತ ಆಗ್ತಿತ್ತು ಗೊತ್ತುಂಟಾ ನಿಮಗೆ?"

ಕೊನೆಯ ಮಾತು ಹೇಳುತ್ತ ಹ್ಯಾಂಗರನ್ನು ನನ್ನ ಕಣ್ಣಿನ ಹತ್ತಿರಕ್ಕೇ ತಂದರು. ಸಿಟ್ಟು ಎಂದುಕೊಂಡೆ. ನನಗೂ ಸಿಟ್ಟು ಬಂತು. ಟೆಕ್ನೀಶಿಯನ್ ಡಾಕ್ಟರಿಗೆ ಪಾಠ ಹೇಳುವುದೇ? ಆದರೆ ಫಿಲ್ಮ್ ಎದುರಿಗಿತ್ತು, ಅದರ ಜೊತೆ ಜಗಳ ಮಾಡುವುದು ಹೇಗೆ. ಖತೀಜುಮ್ಮನನ್ನು ಅಡ್ಮಿಟ್ ಮಾಡಿಕೊಂಡೆ.

ಅವತ್ತಿನಿಂದ ನಾನು ಓದಿದ್ದನ್ನು ಮತ್ತೊಮ್ಮೆ ಓದಿದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಒಳಗಿಂದ ಟೊಳ್ಳಾಗುತ್ತ ಬರುತ್ತದೆ. ಹೊರಗೆ ಏನೂ ಕಾಣದು. ಆಮೇಲೆ ಬೀಳಲೇಬೇಕೆಂದಿಲ್ಲ, ಒಂದು ಕೊಡ ನೀರು ಎತ್ತಿದರೆ, ಬಸ್ಸು ಒಮ್ಮೆ ಕುಕ್ಕಿದರೆ, ಜೋರಾಗಿ ಕೆಮ್ಮಿದರೂ ಬೆನ್ನಿನ ಮೂಳೆ ಕುಸಿಯಬಹುದು. ಹಗಲೆಲ್ಲ ಮನೆಯೊಳಗೆ ಬಾಗಿ ಕೂತು ಬೀಡಿ ಕಟ್ಟುವ ನಮ್ಮ ಹೆಂಗಸರಿಗೆ ಬಿಸಿಲೂ ಇಲ್ಲ, ಹಾಲೂ ಕಡಿಮೆ. ಬೆನ್ನು ನೋವು ಬಂದರೆ ಬೀಡಿಯದ್ದು ಎನ್ನುತ್ತಾರೆ, ಬೆನ್ನು ಬಾಗಿದರೆ ವಯಸ್ಸಿನದ್ದು ಎನ್ನುತ್ತಾರೆ. ಮುರಿದದ್ದು ಎಂದು ಯಾರೂ ಎನ್ನುವುದಿಲ್ಲ. ಇನ್ನೂ ಒಂದು ತಮಾಷೆ ಎಂದರೆ, ಈ ನೋವು ಎರಡು ಮೂರು ತಿಂಗಳಿಗೆ ಹೆಚ್ಚಿನವರಲ್ಲಿ ತನ್ನಷ್ಟಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಯಾರು ಏನು ಮಾಡಿದ್ದರೋ ಅವರಿಗೆ ಹೆಸರು ಬರುತ್ತದೆ. ನೋವು ಇಳಿದರೂ ಕುಸಿದ ಮೂಳೆ ಕುಸಿದಂತೆಯೇ ಇರುತ್ತದೆ.

ಆ ಕಾಲಕ್ಕೆ ಇಂಥವರನ್ನು ವಾರಗಟ್ಟಲೆ ಮಲಗಿಸಿಬಿಡುವುದೇ ಚಿಕಿತ್ಸೆ ಎಂದು ನಾನು ತಿಳಿದಿದ್ದೆ. ಅಕ್ಕ ಒಪ್ಪಲಿಲ್ಲ. "ಮಲಗಿದಷ್ಟು ಮೂಳೆ ಇನ್ನೂ ಟೊಳ್ಳಾಗ್ತದಲ್ವಾ? ದೊಡ್ಡ ಡಾಕ್ಟ್ರ ಹತ್ತಿರ ಒಮ್ಮೆ ಕೇಳಿ ನೋಡುವ" ಎಂದರು. ನರ್ಸಿಂಗ್ ಹೋಮಿನ ಯಜಮಾನರಾದ ದೊಡ್ಡ ಡಾಕ್ಟರು ಹೌದೆಂದರು. ನೋವಿಗೆ ಮಾತ್ರೆ, ಕೆಲವು ದಿನ ಗಟ್ಟಿ ಹಾಸಿಗೆ, ಆಮೇಲೆ ಬೆನ್ನಿಗೆ ಕಬ್ಬಿಣದ ಪಟ್ಟಿಯ ಬೆಲ್ಟ್ ಕಟ್ಟಿ ನಡೆಸುವುದು, ಕ್ಯಾಲ್ಸಿಯಂ. ಉಳಿದದ್ದು ಅಕ್ಕನ ಇಲಾಖೆ. ಮಂಚದಿಂದ ಏಳುವಾಗ ನೆಟ್ಟಗೆ ಎದ್ದು ಕೂರಬಾರದು, ಮರದ ದಿಮ್ಮಿ ಹೊರಳಿಸಿದ ಹಾಗೆ ಪೂರ್ತಿ ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು ಎಂದು ತಾವೇ ಪಕ್ಕದ ಮಂಚದಲ್ಲಿ ಶೂ ಸಮೇತ ಮಲಗಿ ತೋರಿಸಿದರು. ಬಗ್ಗುವ ಹಾಗಿಲ್ಲ. ಕೆಳಗಿನದ್ದು ಎತ್ತಬೇಕಾದರೆ ಮೊಣಕಾಲು ಮಡಚಿ ಕುಕ್ಕರಗಾಲಿನಲ್ಲಿ ಕೂತು ಎತ್ತಬೇಕು.

"ಬಗ್ಗದೆ ಬೀಡಿ ಕಟ್ಟುವುದು ಹೇಗೆ ಅಕ್ಕೆರೆ?" ಎಂದು ಖತೀಜುಮ್ಮ ಕೇಳಿದರು.

"ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ ತೊಡೆಯ ಮೇಲೆ ಯಾಕೆ ಇಡ್ತೀರಿ? ಎದುರಿಗೆ ಒಂದು ಸ್ಟೂಲ್ ಇಡಿ, ಅದರ ಮೇಲೆ ತಡ್ಪೆ. ನೀವು ಗೋಡೆಗೆ ಒರಗಿ ಕೂತ್ಕೊಳ್ಳಿ. ಜಗಲಿಯಲ್ಲಿ ಕೂತ್ಕೊಳ್ಳಿ, ಬಿಸಿಲು ಬೀಳ್ಲಿ. ಮತ್ತೆ ಒಣ ನೆತ್ತೋಲಿ ಉಂಟಲ್ವಾ, ಮುಳ್ಳು ತೆಗೀಬೇಡಿ, ಹಾಗೇ ಜಗಿದು ತಿನ್ನಿ."

ನೀರುಳ್ಳಿ, ಬಟಾಟೆ ಕೂಡ ಮುಟ್ಟದ ಜೈನರ ಹೆಂಗಸು ವಾರ್ಡಿನ ನಡುವೆ ನಿಂತು ಒಣಮೀನಿನ ಗುಣಗಾನ ಮಾಡುವುದನ್ನು ನೋಡಿ ನನಗೆ ನಗು ತಡೆಯಲಿಲ್ಲ.

"ನಿಮಗೆ ಪಾಪ ತಟ್ಟುವುದಿಲ್ವಾ ಅಕ್ಕ?"

"ತಿನ್ನುವವರಿಗೆ ಹೇಳಿದ್ದು. ತಿನ್ನದವರಿಗೆ ಹೇಳ್ಲಿಲ್ಲ. ನಿಮಗೆ ರೋಗಿ ನೋಡುವ ಕೆಲಸ ಇಲ್ವಾ?"

ಕಾಲು ಕೊಡಲಿಲ್ಲ ಎಂದು ಖತೀಜುಮ್ಮನಿಗೆ ಮೊದಮೊದಲು ಮುನಿಸಿತ್ತು. "ದೊಡ್ಡಸ್ತಿಕೆ" ಎಂದು ನನ್ನ ಹತ್ತಿರ ದೂರಿದರು. ಮೂರು ತಿಂಗಳ ಬಳಿಕ ಬೆಲ್ಟ್ ಕಟ್ಟಿಕೊಂಡು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಡೆದುಕೊಂಡೇ ಬಂದರು. ಹಣ್ಣು ನನಗಲ್ಲ, ಅಕ್ಕನಿಗೆ.

ಎಕ್ಸ್‌ರೇ ರೂಮಿನ ಬಾಗಿಲ ದಾರಂದದಲ್ಲಿ ಪೆನ್ಸಿಲ್ ಗೀಟುಗಳು ಇದ್ದವು. ಐವತ್ತು ದಾಟಿದ ಯಾವ ಹೆಂಗಸು ಬಂದರೂ, ಕೈಬೆರಳಿನ ಎಕ್ಸ್‌ರೇಗೆ ಬಂದರೂ, ಹೋಗುವ ಮೊದಲು ದಾರಂದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ತಲೆಯ ಮಟ್ಟಕ್ಕೆ ಒಂದು ಗೀಟು, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ. ವರ್ಷ ಬಿಟ್ಟು ಬಂದರೆ ಮತ್ತೆ ನಿಲ್ಲಿಸುವರು. ಹಳೆಯ ಗೀಟಿಗಿಂತ ತಲೆ ಎರಡು ಬೆರಳು ಕೆಳಗಿದ್ದರೆ ನನ್ನ ರೂಮಿಗೆ ಚೀಟಿ ಬರುತ್ತಿತ್ತು. ಊರಿನವರಿಗೆ ಕೇಳುವ ಪ್ರಶ್ನೆಗಳೂ ಅವರದ್ದೇ. "ಸೀರೆ ಉದ್ದ ಆಗಿದೆಯಾ? ನೆರಿಗೆ ನೆಲಕ್ಕೆ ತಾಗ್ತದಾ? ಮೊದಲು ಎಟಕುತ್ತಿದ್ದ ಡಬ್ಬಿ ಈಗ ಎಟಕುವುದಿಲ್ವಾ?" ಸೀರೆ ಉದ್ದವಾಗುವುದಿಲ್ಲ, ಉಟ್ಟವರು ಗಿಡ್ಡವಾಗುತ್ತಾರೆ. ನನ್ನ ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ. ಆದರೆ ಅದಕ್ಕೆ ಹೌದೆಂದವರ ಸೈಡ್ ಫೋಟೋದಲ್ಲಿ ಕುಸಿದ ಮೂಳೆ ಎಷ್ಟೋ ಸಲ ಸಿಕ್ಕಿದೆ.

ಒಮ್ಮೆ ನೆರಿಯದಲ್ಲಿ ಕ್ಯಾಂಪ್ ಮಾಡಿದೆವು. ಅದು ನನ್ನ ಹುಟ್ಟೂರು, ಸ್ವಲ್ಪ ಗತ್ತು ತೋರಿಸುವ ಎಂದು ನಾನೇ ಏರ್ಪಾಡು ಮಾಡಿದ್ದು. ಹೋಗುವಾಗ ಬಸ್ಸಿನ ಹಿಂದಿನ ಸೀಟಿನಿಂದ ಅಕ್ಕ ನನ್ನನ್ನೂ ಎಬ್ಬಿಸಿದರು. "ನನಗೆ ಮೂವತ್ತೆರಡು ಅಕ್ಕ!" ಎಂದರೆ, "ಡಾಕ್ಟ್ರು ಅಲ್ಲಿ ಕೂತರೆ ಉಳಿದವರು ಎಂತ ಕಲೀತಾರೆ?" ಎಂದರು. ಶಾಲೆಯಲ್ಲಿ ಕ್ಯಾಂಪ್. ಸಂಜೆಯ ಹೊತ್ತಿಗೆ ಹೆಡ್‌ಮಾಸ್ತರರ ಹೊಸ ಪೈಂಟಿನ ಬಾಗಿಲ ತುಂಬ ಪೆನ್ಸಿಲ್ ಗೀಟುಗಳು. ಅವರು ಮುಖ ಊದಿಸಿಕೊಂಡು ನನ್ನ ಹತ್ತಿರ ಬಂದರು. ಅಕ್ಕ ಮಾಸ್ತರರ ತಾಯಿಯ ವಯಸ್ಸು ಎಷ್ಟೆಂದು ವಿಚಾರಿಸಿ, ಮಾತಾಡುತ್ತ ಮಾತಾಡುತ್ತ ಅವರ ತಾಯಿಯನ್ನೂ ಕರೆಸಿ ಅದೇ ಬಾಗಿಲಿಗೆ ನಿಲ್ಲಿಸಿದರು.

ಆ ಕ್ಯಾಂಪಿಗೆ ಬಂದವರಲ್ಲಿ ಅರ್ಧದಷ್ಟು ಜನ ಬಂದದ್ದು ಕಾಲಿಗಾಗಿ. ಬೆಳ್ತಂಗಡಿ ದಾಟಿ ಕಾಡಿನ ಬುಡದ ಆ ಊರಿಗೂ ಸುದ್ದಿ ಹೋಗಿತ್ತು. ಅವರು ಎಲ್ಲರಿಗೂ ಒಂದೇ ಮಾತು ಹೇಳಿದರು. "ಆ ಕಾಲು ಈಗ ಇಲ್ಲ." ಶೂ ಹಾಕಿದ ಕಾಲನ್ನು ಸೀರೆಯ ಒಳಗೆ ಎಳೆದುಕೊಂಡು ಹೀಗೆ ಹೇಳುವಾಗ ಅವರ ಮುಖ ಬೇರೆಯಾಗಿತ್ತು. ಮೂಢನಂಬಿಕೆಯನ್ನು ಬಿಡಿಸುವ ಉಪಾಯ ಎಂದು ನಾನು ಒಳಗೊಳಗೆ ಮೆಚ್ಚಿಕೊಂಡೆ. ಇಷ್ಟು ವರ್ಷ ಜೊತೆಗಿದ್ದವನಿಗೆ ಅಷ್ಟೇ ಬುದ್ಧಿ.

ಅವರ ಮನೆಗೆ ನಾನು ಹೋದದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ, ಒಂದು ಭಾನುವಾರ. ತಾಯಿಗೆ ಜ್ವರ, ಬಂದು ನೋಡಿ ಎಂದು ಕರೆದರು. ಬಸದಿಯ ಹತ್ತಿರದ ಸಣ್ಣ ಹಂಚಿನ ಮನೆ. ಒಳಗೆ ಕಾಲಿಟ್ಟವನು ನಿಂತೇಬಿಟ್ಟೆ. ಆ ತಾಯಿಯ ಬೆನ್ನು ಎಷ್ಟು ಬಾಗಿತ್ತೆಂದರೆ ಗಲ್ಲ ಎದೆಗೆ ತಾಗುತ್ತಿತ್ತು. ನನ್ನ ಮುಖ ನೋಡಬೇಕಾದರೆ ಅವರು ಇಡೀ ಮೈಯನ್ನು ಓರೆ ಮಾಡಬೇಕು. ಹಾಗೆ ಓರೆ ಮಾಡಿ ನೋಡಿ ಚೆನ್ನಾಗಿ ನಕ್ಕರು.

"ಬನ್ನಿ ಡಾಕ್ಟ್ರೇ. ಇವಳು ನಿಮ್ಮ ವಿಷಯ ಹೇಳ್ತಾ ಇರ್ತಾಳೆ."

ಜ್ವರ ನೋಡಿದೆ, ಹೆಚ್ಚೇನಲ್ಲ. ಬೆನ್ನು ಹೀಗೆ ಯಾವಾಗಿನಿಂದ ಎಂದು ಕೇಳಬಾರದಿತ್ತು, ಕೇಳಿದೆ.

"ಅದಾ? ತುಂಬ ವರ್ಷ ಆಯ್ತು. ಬಾವಿಕಟ್ಟೆಯಲ್ಲಿ ಕೊಡಪಾನ ಎತ್ತುವಾಗ ಹಿಡಿದದ್ದು. ಆಸ್ಪತ್ರೆಯಲ್ಲಿ ಉಳುಕು ಅಂತ ಹೇಳಿದ್ರು. ಆಮೇಲೆ ನಮ್ಮ ಹುಡುಗಿಯೇ ಮೆಟ್ಟಿದಳು. ತಾಯಿಗೆ ಕಾಲು ತಾಗಿಸುವುದು ಹೇಗೆ ಅಂತ ಅಳ್ತಾ ಇದ್ದಳು, ನಾನೇ ಗದರಿಸಿ ಮೆಟ್ಟಿಸಿದ್ದು. ಊರಿಗೆಲ್ಲ ಆಗುವ ಕಾಲು ನನಗೆ ಆಗುವುದಿಲ್ವಾ? ಮೂರನೇ ಸಲಕ್ಕೆ ಟಕ್ ಅಂತ ಶಬ್ದ ಬಂತು ನೋಡಿ, ಉಳುಕು ಬಿಟ್ಟಿತು! ಒಂದೆರಡು ತಿಂಗಳಲ್ಲಿ ನೋವು ಪೂರಾ ಹೋಯ್ತು. ಬೆನ್ನು ಬಗ್ಗಿದ್ದು ವಯಸ್ಸಿಗೆ, ಅದಕ್ಕೆ ಯಾರು ಎಂತ ಮಾಡ್ಲಿಕ್ಕಾಗ್ತದೆ? ಇವಳ ಕಾಲಿನಲ್ಲಿ ಗುಣ ಉಂಟು ಡಾಕ್ಟ್ರೇ. ಈಗ ಯಾರಿಗೂ ಮೆಟ್ಟುವುದಿಲ್ಲ ಇವಳು. ನೀವಾದರೂ ಒಂದು ಮಾತು ಹೇಳಿ."

ಅಕ್ಕ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದರು. ಮನೆಯೊಳಗೂ ಕಾಲುಚೀಲ ಹಾಕಿದ್ದರು.

ಕಾಫಿ ಕುಡಿದ ಮೇಲೆ ಅವರು ನನ್ನನ್ನು ಹೊರಗಿನ ಚಾವಡಿಗೆ ಕರೆದು ಒಂದು ಹಳೆಯ ಲಕೋಟೆ ಕೊಟ್ಟರು. ಒಳಗೆ ಎರಡು ಫಿಲ್ಮ್. ಮೊದಲನೆಯದ್ದು ಅವರೇ ತೆಗೆದದ್ದು, ನಮ್ಮಲ್ಲಿಗೆ ಬರುವ ಮೊದಲು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ. ಅಲ್ಲಿನ ಡಾಕ್ಟರು ಎದುರಿನಿಂದ ಒಂದು ತೆಗೆಯಲು ಬರೆದಿದ್ದರು, ಇವರು ಬರೆದಷ್ಟೇ ತೆಗೆದರು. ಏನೂ ಇಲ್ಲ, ಉಳುಕು ಎಂದು ಡಾಕ್ಟರು ಹೇಳಿದರು. ಆ ಸಂಜೆ ಮನೆಗೆ ಬಂದು ತಾಯಿಯ ಬೆನ್ನು ಮೆಟ್ಟಿದ್ದು. ಎರಡನೆಯ ಫಿಲ್ಮ್ ಎರಡು ತಿಂಗಳ ಬಳಿಕ, ತಾಯಿ ಬಾಗತೊಡಗಿದ ಮೇಲೆ, ಯಾರೂ ಬರೆಯದೆ ಇವರಾಗಿ ತೆಗೆದ ಸೈಡ್ ಫೋಟೋ. ಒಂದರ ಕೆಳಗೊಂದು ಎರಡು ಮೂಳೆಗಳು ಜಜ್ಜಿಹೋಗಿದ್ದವು.

"ಅಮ್ಮ ಉಳುಕು ಬಿಟ್ಟ ಶಬ್ದ ಅಂತಾರೆ. ನಾನು ಕೇಳಿದ್ದು ಬೇರೆ." ಧ್ವನಿ ತಗ್ಗಿಸಿ ಹೇಳಿದರು. "ನೀವು ಡಾಕ್ಟ್ರು. ನೋಡಿ ಹೇಳಿ. ಮುರಿದ ಮೇಲೆ ನಾನು ಮೆಟ್ಟಿದ್ದಾ, ನಾನು ಮೆಟ್ಟಿದ ಮೇಲೆ ಮುರಿದದ್ದಾ?"

ಆ ಶೂ, ಬಸ್ಸಿನ ಸೀಟು, ದಾರಂದದ ಗೀಟು, ನನ್ನ ಮೇಜಿನ ಮೇಲೆ ತೊಟ್ಟಿಕ್ಕಿದ ನೀರು, ಎಲ್ಲ ಒಟ್ಟಿಗೆ ಅರ್ಥವಾಯಿತು. ಮೊದಲ ಫಿಲ್ಮನ್ನು ಬೆಳಕಿಗೆ ಹಿಡಿದೆ. ಹಳೆಯ ಫಿಲ್ಮ್, ಮಂಜು ಮಂಜು. ಎದುರಿನ ನೋಟದಲ್ಲಿ ಮುರಿದಿತ್ತು ಎನ್ನಲೂ ಆಗದು, ಮುರಿದಿರಲಿಲ್ಲ ಎನ್ನಲೂ ಆಗದು. ಆದರೆ ಎದುರಿಗೆ ನಿಂತ ಮುಖವನ್ನು ನೋಡಿದೆ.

"ಮೊದಲೇ ಮುರಿದಿತ್ತು ಅಕ್ಕ," ಎಂದೆ. "ಇಲ್ಲಿ ನೋಡಿ, ಈ ಅಂಚು. ಕೊಡಪಾನ ಎತ್ತುವಾಗಲೇ ಹೋಗಿದೆ. ನಿಮ್ಮ ಕಾಲಿನದ್ದು ಏನೂ ಇಲ್ಲ." ಬೆರಳಿಟ್ಟು ತೋರಿಸಿದೆ. ಬೆರಳಿಟ್ಟ ಜಾಗದಲ್ಲಿ ಏನೂ ಇರಲಿಲ್ಲ.

ಅವರು ಫಿಲ್ಮಿನಲ್ಲಿ ನಾನು ತೋರಿಸಿದ ಆ 'ಅಂಚನ್ನು' ಬಹಳ ಹೊತ್ತು ನೋಡಿದರು. ಇಪ್ಪತ್ತು ವರ್ಷ ಫಿಲ್ಮ್ ನೋಡಿದ ಕಣ್ಣು ಅದು. ಆಮೇಲೆ ಎರಡನ್ನೂ ಲಕೋಟೆಗೆ ಹಾಕಿದರು.

"ಸೈಡ್ ಫೋಟೋ ಇಲ್ಲದೆ ಹೇಳ್ಬಾರದು ಡಾಕ್ಟ್ರೇ," ಎಂದರು. ಸಿಟ್ಟಿನಿಂದಲ್ಲ. "ಆದರೂ ಹೇಳಿದ್ರಲ್ಲ, ಉಪಕಾರ ಆಯ್ತು. ಮಧ್ಯಾಹ್ನ ಊಟ ಮಾಡಿಕೊಂಡೇ ಹೋಗಬೇಕು ನೀವು."

ನಾಚಿಕೆಯಿಂದ ತಲೆ ತಗ್ಗಿಸಿ ಊಟ ಮಾಡಿದೆ. ಏನು ಬಡಿಸಿದರೆಂದು ನೆನಪಿಲ್ಲ.

ಆ ಕೆಲವು ವರ್ಷಗಳಲ್ಲಿ ಹೊಸ ಹೊಸ ಚಿಕಿತ್ಸೆಗಳು ಬಂದವು. ವಾರಕ್ಕೊಂದು ಮಾತ್ರೆ ಬಂತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಗಡಿಯಾರ ನೋಡಲು ಬಾರದವರಿಗೆ ಅಕ್ಕ ಹೇಳಿಕೊಟ್ಟ ಲೆಕ್ಕ ಸುಲಭವಿತ್ತು. "ನುಂಗಿ ಡೈರಿಗೆ ನಡೆದು ಹೋಗಿ ಹಾಲು ತಗೊಂಡು ಬನ್ನಿ. ಬಂದ ಮೇಲೆ ಚಾ." ಮಂಗಳೂರಿನಲ್ಲಿ ಸೂಜಿಯಿಂದ ಮೂಳೆಯೊಳಗೆ ಸಿಮೆಂಟು ಹಾಕುವ ಚಿಕಿತ್ಸೆಯೂ ಬಂತು. ನೋವು ತಿಂಗಳುಗಟ್ಟಲೆ ಇಳಿಯದ ಕೆಲವರನ್ನು ಕಳಿಸಿಕೊಟ್ಟೆವು. "ಒಂದು ಮೂಳೆಗೆ ಎಷ್ಟು ಚೀಲ ಬೇಕಾದೀತು?" ಎಂದು ಖತೀಜುಮ್ಮ ವಿಚಾರಿಸಿಕೊಂಡು ಹೋದರು. ಅವರ ಮತ್ತೊಂದು ಮೂಳೆ ಕುಸಿಯಲಿಲ್ಲ. ದಾರಂದದಲ್ಲಿ ಅವರ ಗೀಟು ಹತ್ತು ವರ್ಷ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತ್ತು.

ಅಕ್ಕನ ತಾಯಿ ಒಂದು ಬೆಳಿಗ್ಗೆ ಜಪ ಮಾಡುತ್ತಿದ್ದವರು ಹಾಗೆಯೇ ತೀರಿಕೊಂಡರು. ಹದಿನೈದು ದಿನ ಕಳೆದು ಅಕ್ಕ ಕೆಲಸಕ್ಕೆ ಬಂದರು. ಶೂ ಹಾಗೆಯೇ ಇತ್ತು. ಕೊನೆಯವರೆಗೂ ತಾಯಿ ಮನೆಗೆ ಬಂದವರಿಗೆಲ್ಲ ಮಗಳ ಕಾಲಿನ ಗುಣ ಹೇಳುತ್ತಲೇ ಇದ್ದರು ಎಂದು ಅವರ ನೆರೆಯವರಿಂದ ಕೇಳಿದೆ. ಅದನ್ನು ದಿನವೂ ಕೇಳಿಸಿಕೊಂಡು ಆ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವರು ಇವರು.

ಇನ್ನು ಆ ಒಂದು ಸಲದ ವಿಷಯ. ನಾನು ನಲವತ್ತೈದು ದಾಟಿದ್ದೆ. ಆಕ್ಸಿಜನ್ ಸಿಲಿಂಡರನ್ನು ಆಯಾ ಎಳೆಯುತ್ತಿರುವುದು ಕಂಡು ಪೌರುಷ ತೋರಿಸಲು ಹೋಗಿ ಸೊಂಟ ಹಿಡಿಯಿತು. ಹಿಡಿದದ್ದು ಎಂದರೆ ಎಂಥದ್ದು, ನಿಂತಲ್ಲಿ ನಿಂತೆ. ಗೋಡೆ ಹಿಡಿದುಕೊಂಡು ಹೇಗೋ ಎಕ್ಸ್‌ರೇ ರೂಮಿನ ತನಕ ಹೋದೆ.

"ಅಕ್ಕ, ಉಳುಕು. ಒಮ್ಮೆ ಮೆಟ್ಟಿ ಬಿಡಿ," ಎಂದೆ. ತಮಾಷೆಗೇ ಹೇಳಿದ್ದು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ನಗಲಿಲ್ಲ. ನನ್ನನ್ನು ಟೇಬಲಿನ ಮೇಲೆ ಮಲಗಿಸಿ ಎದುರಿನಿಂದ ಒಂದು ತೆಗೆದರು, ಮಗ್ಗುಲಿಗೆ ಹೊರಳಿಸಿ ಇನ್ನೊಂದು. ಡಾರ್ಕ್‌ರೂಮಿಗೆ ಹೋದರು. ಹೊರಗೆ ಬಂದು ಎರಡು ಫಿಲ್ಮನ್ನೂ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಮೇಲಿನಿಂದ ಕೆಳಗಿನ ತನಕ ಒಂದೊಂದೇ ಮೂಳೆಯ ಮೇಲೆ ಬೆರಳಿಟ್ಟು ಬಂದರು. ಒಮ್ಮೆ ಎದುರಿನದ್ದು, ಆಮೇಲೆ ಪಕ್ಕದ್ದು. ಮತ್ತೊಮ್ಮೆ ಮೊದಲಿನಿಂದ. ನಾನು ಬೋರಲು ಮಲಗಿ ಕುತ್ತಿಗೆ ತಿರುಗಿಸಿ ನೋಡುತ್ತಿದ್ದೆ. ಎಲ್ಲ ಮೂಳೆಗಳೂ ಸರಿಯಾಗಿದ್ದವು.

ಅವರು ಬಾಗಿಲು ಮುಚ್ಚಿ ಸ್ಟೂಲಿನ ಮೇಲೆ ಕೂತರು. ಬಲಗಾಲಿನ ಶೂವಿನ ಲೇಸ್ ಬಿಚ್ಚಿದರು. ಕಾಲುಚೀಲ ಎಳೆದು ತೆಗೆದು ಮಡಚಿ ಶೂವಿನ ಒಳಗೆ ಇಟ್ಟರು. ಊರಿನ ಹೆಂಗಸರಿಗೆಲ್ಲ ಬಿಸಿಲಿನಲ್ಲಿ ಕೂರಿ ಎಂದು ಹೇಳಿದವರ ಕಾಲು ಬಿಸಿಲು ಕಾಣದೆ ಬೆಳ್ಳಗೆ ಬಿಳಿಚಿಕೊಂಡು, ಎಳೆ ಮಗುವಿನದ್ದರ ಹಾಗೆ ಇತ್ತು.

ಎದ್ದು ಸ್ಟೂಲನ್ನು ಟೇಬಲಿನ ಪಕ್ಕಕ್ಕೆ ಎಳೆದು, ಅದರ ಮೇಲೆ ಹತ್ತಿ ನಿಂತು ನನ್ನ ಸೊಂಟದ ಮೇಲೆ ಆ ಕಾಲನ್ನು ಇಟ್ಟರು. ಒತ್ತಲಿಲ್ಲ, ಇಟ್ಟರು ಅಷ್ಟೆ. ತಣ್ಣಗಿತ್ತು. ನಡುಗುತ್ತಿತ್ತು. ಎರಡನೆಯ ಸಲ ಸ್ವಲ್ಪ ಭಾರ ಬಿತ್ತು. ಮೂರನೆಯ ಸಲ ಇಡುವ ಮೊದಲು ಅವರು ಬಹಳ ಹೊತ್ತು ತಡೆದರು. ಇಟ್ಟರು. ಒತ್ತಿದರು. ಯಾವ ಶಬ್ದವೂ ಬರಲಿಲ್ಲ.

"ಶಬ್ದ ಬಂತಾ?" ಎಂದು ಕೇಳಿದರು.

"ಇಲ್ಲ ಅಕ್ಕ."

"ನನಗೂ ಕೇಳ್ಲಿಲ್ಲ," ಎಂದವರು ಕೆಳಗಿಳಿದು ಸ್ಟೂಲಿನ ಮೇಲೆ ಕೂತು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಯಾರಿಗೂ ಹೇಳ್ಬೇಡಿ ಮಾರಾಯ್ರೆ, ನಾಳೆಯಿಂದ ಇಲ್ಲಿ ಕ್ಯೂ ನಿಂತಾರು," ಎಂದರು.

ನೋವು ಹೋಯಿತೇ ಎಂದು ನನ್ನನ್ನು ಕೇಳಬೇಡಿ. ಉಳುಕು ನಾಲ್ಕು ದಿನದಲ್ಲಿ ಹೇಗೂ ಹೋಗುತ್ತದೆ, ನಾನು ಮಾತ್ರೆಯನ್ನೂ ನುಂಗಿದ್ದೆ. ಮರುದಿನ ಬೆಳಿಗ್ಗೆ ನಾನು ಸೊಂಟ ಹಿಡಿದುಕೊಂಡು ನರ್ಸಿಂಗ್ ಹೋಮಿನ ಮೆಟ್ಟಿಲ ಬಳಿ ನಿಂತಿದ್ದಾಗ ಮೂಡುಬಿದಿರೆಯ ಬಸ್ಸು ಬಂತು. ಅಕ್ಕ ಇಳಿದರು. ಅವರ ಕಾಲಲ್ಲಿ ಚಪ್ಪಲಿ ಇತ್ತು.